ನಡೆಯಲು ಕಾರಣ ಬೇಕೋ, ತಡೆಯಲು ಕಾರಣ ಬೇಕೋ?

2025ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹೆಸರು ರಾಜ್ಯದ ಎಲ್ಲ ಟಿವಿಗಳಲ್ಲೂ ಓಡಾಡಿತು. ಊರಲ್ಲಿ ಪಥಸಂಚಲನ ಮಾಡುತ್ತೇವೆ ಎಂದು ಆರ್‌ಎಸ್‌ಎಸ್‌ನವರು ಅರ್ಜಿ ಕೊಟ್ಟರು. ಅದೇ ದಿನ ನಾವೂ ಮೆರವಣಿಗೆ ಮಾಡುತ್ತೇವೆ ಎಂದು ಬೇರೆ ಸಂಘಟನೆಗಳೂ ಅರ್ಜಿ ಹಾಕಿದವು. ಗಲಾಟೆ ಆಗಬಹುದು ಎಂದು ತಹಶೀಲ್ದಾರರು ಅನುಮತಿ ನಿರಾಕರಿಸಿದರು. ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು. ಶಾಂತಿ ಸಭೆ ನಡೆಯಿತು, ವಾದ ನಡೆಯಿತು. ಕೊನೆಗೆ ನವೆಂಬರ್ 16ರಂದು, 300 ಜನ ಮತ್ತು 50 ಮಂದಿ ಬ್ಯಾಂಡಿನವರು ಎಂಬ ಮಿತಿಯೊಳಗೆ ಪಥಸಂಚಲನ ಆಯಿತು.

ಆಗ ಜಿಲ್ಲೆಯ ಚಹಾದಂಗಡಿಗಳಲ್ಲೆಲ್ಲ ಇದೇ ಮಾತು. ರಸ್ತೆಯಲ್ಲಿ ನಡೆಯೋಕೂ ಪರ್ಮಿಷನ್ ಬೇಕಾ? ಬೇಡ ಅನ್ನುವ ಅಧಿಕಾರ ತಹಶೀಲ್ದಾರರಿಗೆ ಎಲ್ಲಿಂದ ಬಂತು? ಕೋರ್ಟು ಯಾಕೆ ನಡುವೆ ಬಂತು? ಹೇಳುವವರು ಯಾವ ಪಾರ್ಟಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತಿತ್ತು. ಹಾಗಾಗಿ ಯಾರ ಮೆರವಣಿಗೆ ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಡೋಣ. ತೊಗರಿ ಬೆಲೆಗಾಗಿ ಜಗತ್ ವೃತ್ತದಿಂದ ಡಿಸಿ ಆಫೀಸಿಗೆ ಹೊರಡುವ ರೈತರಿಗೂ, ಗೌರವಧನ ಹೆಚ್ಚಿಸಿ ಎಂದು ಧರಣಿ ಕೂರುವ ಅಂಗನವಾಡಿ ಕಾರ್ಯಕರ್ತೆಯರಿಗೂ, ಪಥಸಂಚಲನದವರಿಗೂ ಅನ್ವಯಿಸುವ ಕಾನೂನು ಒಂದೇ.

## ಹಕ್ಕು ಎಲ್ಲಿ ಬರೆದಿದೆ

ಸಂವಿಧಾನದ 19ನೇ ವಿಧಿಯಲ್ಲಿ. ಅಲ್ಲಿ ನಾಗರಿಕರಿಗೆ ಆರು ಸ್ವಾತಂತ್ರ್ಯಗಳಿವೆ. ಮಾತಾಡುವುದು, ಶಾಂತಿಯಿಂದ ಆಯುಧವಿಲ್ಲದೆ ಒಂದೆಡೆ ಸೇರುವುದು, ಸಂಘ ಕಟ್ಟುವುದು, ದೇಶದ ತುಂಬ ಓಡಾಡುವುದು, ಎಲ್ಲಿ ಬೇಕಾದರೂ ನೆಲೆಸುವುದು, ಇಷ್ಟವಾದ ಕಸುಬು ಮಾಡುವುದು. ಮೊದಲು ಏಳಿದ್ದವು. 1978ರ 44ನೇ ತಿದ್ದುಪಡಿ ಆಸ್ತಿ ಹಕ್ಕನ್ನು ಅಲ್ಲಿಂದ ತೆಗೆಯಿತು.

ಇವುಗಳನ್ನು ಮೂಲಭೂತ ಹಕ್ಕು ಎನ್ನುತ್ತಾರೆ. ಉಳಿದ ಹಕ್ಕುಗಳಿಗೂ ಇವಕ್ಕೂ ವ್ಯತ್ಯಾಸ ಏನು? ಒಂದು ಯೋಜನೆಯ ಸಬ್ಸಿಡಿಯನ್ನು ಸರ್ಕಾರ ಮುಂದಿನ ಬಜೆಟ್‌ನಲ್ಲಿ ಕೈಬಿಡಬಹುದು. ಮೂಲಭೂತ ಹಕ್ಕನ್ನು ಹಾಗೆ ಕೈಬಿಡಲು ಬರುವುದಿಲ್ಲ. ಅದಕ್ಕೆ ವಿರುದ್ಧವಾದ ಕಾನೂನು ಅಷ್ಟರ ಮಟ್ಟಿಗೆ ನಡೆಯುವುದೇ ಇಲ್ಲ ಎಂದು 13ನೇ ವಿಧಿ ಹೇಳುತ್ತದೆ. ಹಕ್ಕಿಗೆ ಧಕ್ಕೆ ಬಂದರೆ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ನಮ್ಮ ಭಾಗದವರಿಗೆ ಹೈಕೋರ್ಟು ಎಂದರೆ ಈಗ ಬೆಂಗಳೂರಿನ ರಾತ್ರಿ ಬಸ್ಸು ಹಿಡಿಯಬೇಕಾಗಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದದ್ದು 2013ರಲ್ಲಿ ಕಲಬುರಗಿಯಲ್ಲೇ ಕಾಯಂ ಆಯಿತು. ಈ ಲೇಖನದಲ್ಲಿ ಬರುವ ಹಲವು ಆದೇಶಗಳು ಅಲ್ಲಿಂದಲೇ ಬಂದವು.

## ಹಾಗಾದರೆ ಮಿತಿ?

ಮಿತಿಯೂ ಅದೇ 19ನೇ ವಿಧಿಯಲ್ಲೇ ಇದೆ. ಸರ್ಕಾರ ‘ಸಮಂಜಸ ನಿರ್ಬಂಧ’ ಹಾಕಬಹುದು. ಆದರೆ ಅದಕ್ಕೆ ಮೂರು ಷರತ್ತು. ನಿರ್ಬಂಧಕ್ಕೆ ಒಂದು ಕಾನೂನಿನ ಆಧಾರ ಇರಬೇಕು. ಸಂವಿಧಾನ ಪಟ್ಟಿ ಮಾಡಿದ ಕಾರಣಗಳಲ್ಲೇ ಒಂದು ಇರಬೇಕು. ಮತ್ತು ಆ ನಿರ್ಬಂಧ ಅತಿ ಆಗಿರಬಾರದು.

ಮೊದಲನೆಯ ಷರತ್ತಿಗೆ ಉದಾಹರಣೆ 2025ರ ಅಕ್ಟೋಬರ್‌ನಲ್ಲೇ ಸಿಕ್ಕಿತು. ಶಾಲೆ ಮೈದಾನ, ಪಾರ್ಕು, ರಸ್ತೆಯಂಥ ಸರ್ಕಾರಿ ಜಾಗಗಳಲ್ಲಿ ಖಾಸಗಿ ಸಂಘಟನೆಗಳು ಸೇರಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು ಎಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿತ್ತು. ಹತ್ತಕ್ಕಿಂತ ಹೆಚ್ಚು ಜನ ಅನುಮತಿಯಿಲ್ಲದೆ ಸೇರಿದರೆ ಅದು ಅಕ್ರಮ ಎಂಬ ಮಾತೂ ಅದರಲ್ಲಿತ್ತು. ಅಕ್ಟೋಬರ್ 28ರಂದು ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಸಂವಿಧಾನ ಕೊಟ್ಟ ಹಕ್ಕನ್ನು ಬರೀ ಒಂದು ಸರ್ಕಾರಿ ಆದೇಶದಿಂದ ಕಿತ್ತುಕೊಳ್ಳಲು ಬರುವುದಿಲ್ಲ ಎಂಬುದು ಅದರ ತಿರುಳು. ಆದೇಶವನ್ನು ಯಾರ ಮೇಲೆ ಕಣ್ಣಿಟ್ಟು ಮಾಡಿದ್ದರು ಎಂಬ ಜಗಳ ಬೇರೆ ಇತ್ತು. ಆದರೆ ಹತ್ತು ಜನರ ಆ ಲೆಕ್ಕ ಪಾರ್ಕಿನಲ್ಲಿ ಬೆಳಿಗ್ಗೆ ಸೇರುವ ಯೋಗದ ಗುಂಪಿಗೂ ತಾಕುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯದು ಕಾರಣದ ಪಟ್ಟಿ. ಸಭೆ ಸೇರುವ ಹಕ್ಕಿನ ವಿಷಯದಲ್ಲಿ ಈ ಪಟ್ಟಿ ತುಂಬ ಚಿಕ್ಕದು. ದೇಶದ ಸಾರ್ವಭೌಮತೆ ಮತ್ತು ಏಕತೆ ಒಂದು, ಸಾರ್ವಜನಿಕ ಸುವ್ಯವಸ್ಥೆ ಇನ್ನೊಂದು. ಅಷ್ಟೇ. ಮಂತ್ರಿಗಳಿಗೆ ಮುಜುಗರವಾಗುತ್ತದೆ ಎಂಬುದು ಪಟ್ಟಿಯಲ್ಲಿಲ್ಲ. ಈ ವಿಚಾರ ನಮಗೆ ಹಿಡಿಸುವುದಿಲ್ಲ ಎಂಬುದೂ ಇಲ್ಲ.

‘ಸಾರ್ವಜನಿಕ ಸುವ್ಯವಸ್ಥೆ’ ಎಂದರೆ ಏನು? ಇಬ್ಬರು ಜಗಳವಾಡಿ ತಲೆ ಒಡೆದುಕೊಂಡರೆ ಅದು ಕಾನೂನು ಮತ್ತು ಸುವ್ಯವಸ್ಥೆಯ ಪ್ರಶ್ನೆ, ಸ್ಟೇಷನ್ನಿನಲ್ಲಿ ಬಗೆಹರಿಯುತ್ತದೆ. ಆ ಜಗಳ ಊರಿನ ಎರಡು ಓಣಿಗಳನ್ನೇ ಎದುರುಬದುರು ನಿಲ್ಲಿಸಿದರೆ ಆಗ ಅದು ಸಾರ್ವಜನಿಕ ಸುವ್ಯವಸ್ಥೆಯ ಪ್ರಶ್ನೆ. 1965ರಲ್ಲಿ ರಾಮಮನೋಹರ ಲೋಹಿಯಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಂದರೊಳಗೊಂದು ಇರುವ ಮೂರು ವೃತ್ತಗಳಾಗಿ ವಿವರಿಸಿತು. ಹೊರಗಿನ ದೊಡ್ಡದು ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಡುವಿನ ಚಿಕ್ಕದು ದೇಶದ ಭದ್ರತೆ. ಸಣ್ಣ ಗಲಾಟೆಯನ್ನು ದೊಡ್ಡ ಅಪಾಯವೆಂದು ಬರೆದರೆ ಹಕ್ಕು ಅಲ್ಲೇ ಕುಗ್ಗುತ್ತದೆ. ಪೊಲೀಸ್ ವರದಿಯ ಭಾಷೆಗೆ ಇಷ್ಟು ಬೆಲೆ ಇರುವುದು ಅದಕ್ಕೇ.

ಇನ್ನು ಅನುಮತಿಯ ಮಾತು. ಸಾರ್ವಜನಿಕ ರಸ್ತೆಯಲ್ಲಿ ಸಭೆ ಮಾಡುವ ವಿಚಾರ 1972ರಲ್ಲಿ ಸುಪ್ರೀಂ ಕೋರ್ಟಿನ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ತೀರ್ಮಾನವಾಯಿತು. ಸಮಯ, ದಾರಿ, ಜನರ ಸಂಖ್ಯೆಯನ್ನು ಪೊಲೀಸರು ನಿಯಂತ್ರಿಸಬಹುದು. ಆದರೆ ಮನಸ್ಸು ಬಂದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುವಂಥ ಲಗಾಮಿಲ್ಲದ ಅಧಿಕಾರ ಯಾವ ಅಧಿಕಾರಿಗೂ ಇಲ್ಲ. ಅನುಮತಿ ಕೇಳುವುದು ವ್ಯವಸ್ಥೆಗಾಗಿ. ಬೇಡ ಎನ್ನುವಾಗ ಕಾರಣ ತೋರಿಸುವ ಭಾರ ಅಧಿಕಾರಿಯ ಮೇಲೆ ಬೀಳುತ್ತದೆ. ಈ ಇಡೀ ವಿಷಯದಲ್ಲಿ ಒಂದೇ ಒಂದು ಅಂಶ ನೆನಪಿಡಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

## 144 ಹೋಗಿ 163 ಬಂದಿದೆ

ನಿಷೇಧಾಜ್ಞೆಯನ್ನು ಈಗಲೂ ಎಲ್ಲರೂ ‘ಒನ್ ಫಾರ್ಟಿಫೋರ್’ ಎಂದೇ ಕರೆಯುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ನಂಬರು ಬದಲಾಯಿತು, ಕೆಲಸ ಹೆಚ್ಚುಕಡಿಮೆ ಅದೇ.

ಇದನ್ನು ನಾವು ಪ್ರತಿವರ್ಷ ನೋಡುತ್ತೇವೆ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ ಬಂತೆಂದರೆ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ. ಜೆರಾಕ್ಸ್ ಅಂಗಡಿಯ ಶೆಟರ್ ಅರ್ಧ ಇಳಿದಿರುತ್ತದೆ. ಮಾಲೀಕ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಾನೆ. ಮಕ್ಕಳನ್ನು ಬಿಡಲು ಬಂದ ಅಪ್ಪಂದಿರನ್ನು ಪೇದೆ ದೂರದ ಬೇವಿನ ಮರದ ಕಡೆ ಕೈ ತೋರಿಸಿ ಕಳಿಸುತ್ತಾನೆ. ಮೂರು ಗಂಟೆ ಆದಮೇಲೆ ಎಲ್ಲ ಮೊದಲಿನಂತೆ. ಯಾರೂ ಇದನ್ನು ಹಕ್ಕಿನ ಮೇಲಿನ ದಾಳಿ ಎಂದುಕೊಳ್ಳುವುದಿಲ್ಲ. ಯಾಕೆ? ಎಲ್ಲಿ, ಎಷ್ಟು ಹೊತ್ತು, ಏತಕ್ಕೆ ಎಂಬುದು ಮೂರೂ ಸ್ಪಷ್ಟ. ಅಲ್ವಾ?

ಅದೇ ಕಲಮಿನಲ್ಲಿ ಇಡೀ ಜಿಲ್ಲೆಯನ್ನೂ ನಿಲ್ಲಿಸಬಹುದು. ಆದೇಶ ಹೊರಡಿಸುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ಡಿಸಿ. ಅಥವಾ ಉಪವಿಭಾಗದ ಎಸಿ, ಅಧಿಕಾರ ಕೊಟ್ಟಿದ್ದರೆ ತಹಶೀಲ್ದಾರರು. ಕಲಬುರಗಿ ನಗರದಲ್ಲಿ ಪೊಲೀಸ್ ಕಮಿಷನರ್. ಆದೇಶ ಬರವಣಿಗೆಯಲ್ಲಿರಬೇಕು, ಯಾವ ಸಂಗತಿಗಳ ಆಧಾರದ ಮೇಲೆ ಎಂಬುದನ್ನು ಹೇಳಬೇಕು. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ರಾಜ್ಯ ಸರ್ಕಾರ ಬಯಸಿದರೆ ಇನ್ನೂ ಆರು ತಿಂಗಳವರೆಗೆ ಎಳೆಯಬಹುದು. ಜನ ಈ ಆದೇಶವನ್ನು ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಕೇಸು.

2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಡೆದಾಗ ಬೆಂಗಳೂರು, ಕಲಬುರಗಿ ಸೇರಿ ರಾಜ್ಯದ ಹಲವೆಡೆ 144 ಬಂತು. ಬೆಂಗಳೂರಿನ ಆದೇಶ ಹೈಕೋರ್ಟಿನಲ್ಲಿ ಪ್ರಶ್ನೆಯಾಯಿತು. 2020ರ ಫೆಬ್ರುವರಿಯಲ್ಲಿ ಅದು ಅಕ್ರಮ ಎಂದು ಕೋರ್ಟು ಹೇಳಿತು. ಕಮಿಷನರ್ ತಮ್ಮ ಕೆಳಗಿನ ಡಿಸಿಪಿಗಳ ಪತ್ರಗಳನ್ನು ಉಲ್ಲೇಖಿಸಿದ್ದರು. ಆದರೆ ಅವನ್ನು ತೂಗಿ ನೋಡಿ ತಮ್ಮದೇ ಅಭಿಪ್ರಾಯಕ್ಕೆ ಬಂದದ್ದು ಆದೇಶದಲ್ಲಿ ಕಾಣಲಿಲ್ಲ. ಅದೇ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಾಶ್ಮೀರದ ನಿರ್ಬಂಧಗಳನ್ನು ಪ್ರಶ್ನಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಇನ್ನೂ ಬಿಗಿಯಾಗಿ ಹೇಳಿತ್ತು. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು. ಒಂದರ ಮೇಲೊಂದು ಆದೇಶ ಹೊರಡಿಸುತ್ತ ಹೋಗುವುದು ಅಧಿಕಾರದ ದುರ್ಬಳಕೆ. ನ್ಯಾಯವಾದ ಅಭಿಪ್ರಾಯವನ್ನೋ ದೂರನ್ನೋ ಹತ್ತಿಕ್ಕಲು ಈ ಕಲಂ ಬಳಸುವಂತಿಲ್ಲ.

## ಅತಿ ಆಯಿತೋ ಇಲ್ಲವೋ, ಅಳೆಯುವುದು ಹೇಗೆ

ಇದು ಮೂರನೆಯ ಷರತ್ತು. ಇದಕ್ಕೆ ಕೋರ್ಟುಗಳು ಬಳಸುವ ಅಳತೆ ದೊಡ್ಡ ಮಟ್ಟದಲ್ಲಿ ಚರ್ಚೆಯಾದದ್ದು 2017ರ ಖಾಸಗಿತನದ ತೀರ್ಪಿನಲ್ಲಿ. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂಬತ್ತು ನ್ಯಾಯಮೂರ್ತಿಗಳು ಕೂತು ಕೊಟ್ಟ ತೀರ್ಪು ಅದು. ಅಳತೆಯನ್ನು ಸರಳವಾಗಿ ಹೇಳಿದರೆ ಹೀಗೆ: ಉದ್ದೇಶ ಸರಿಯಾಗಿದೆಯೇ? ಈ ನಿರ್ಬಂಧದಿಂದ ಆ ಉದ್ದೇಶ ನಿಜಕ್ಕೂ ಈಡೇರುತ್ತದೆಯೇ? ಹಕ್ಕಿಗೆ ಇದಕ್ಕಿಂತ ಕಡಿಮೆ ಪೆಟ್ಟು ಬೀಳುವ ಬೇರೆ ದಾರಿ ಇತ್ತೇ? ಆಗುವ ಲಾಭಕ್ಕಿಂತ ನಷ್ಟವೇ ಜಾಸ್ತಿಯೇ?

ಇದನ್ನು ಆಳಂದದಲ್ಲಿಟ್ಟು ನೋಡಿ. ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲೇ ರಾಘವ ಚೈತನ್ಯ ಶಿವಲಿಂಗವಿದೆ. 2022ರ ಮಾರ್ಚ್‌ನಲ್ಲಿ ಶಿವರಾತ್ರಿ ಪೂಜೆಯ ವಿಷಯಕ್ಕೆ ಊರಲ್ಲಿ ನಿಷೇಧಾಜ್ಞೆ ಇದ್ದರೂ ಕಲ್ಲು ತೂರಾಟ ನಡೆಯಿತು. ಅಂದರೆ ಅಲ್ಲಿ ಅಪಾಯ ಬರೀ ಕಲ್ಪನೆಯದಾಗಿರಲಿಲ್ಲ. ಹಾಗೆಂದು ಇಬ್ಬರೂ ಮನೆಯಲ್ಲಿರಿ ಎನ್ನುವುದು ಸುಲಭದ ದಾರಿ. 2025ರಲ್ಲಿ ಕಲಬುರಗಿ ಪೀಠ ಆ ದಾರಿ ಹಿಡಿಯಲಿಲ್ಲ. ಬೆಳಿಗ್ಗೆ 8ರಿಂದ 12ರವರೆಗೆ ಉರುಸಿನ ವಿಧಿಗಳು, ಮಧ್ಯಾಹ್ನ 2ರಿಂದ 6ರವರೆಗೆ 15 ಜನರ ಪೂಜೆ ಎಂದು ಹೊತ್ತು ಹಂಚಿತು. ಇದು ಎಲ್ಲರಿಗೂ ಒಪ್ಪಿಗೆಯಾಯಿತು ಎಂದಲ್ಲ. ಹದಿನೈದೇ ಯಾಕೆ ಎಂದು ಕೇಳುವವರಿದ್ದಾರೆ, ಪೂಜೆಯೇ ಯಾಕೆ ಎನ್ನುವವರೂ ಇದ್ದಾರೆ. ಆದರೆ ಪೂರ್ತಿ ಬಾಗಿಲು ಹಾಕುವ ಬದಲು ಅಷ್ಟಕ್ಕಷ್ಟೇ ತಡೆ ಎಂದರೆ ಹೇಗಿರುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಚಿತ್ತಾಪುರದ 300 ಜನರ ಮಿತಿಯೂ ಇದೇ ಜಾತಿಯದು.

## ಹಕ್ಕು ಸವೆಯುವುದು ಹೇಗೆ

ಹೊಲದ ಬದು ಒತ್ತುವವರನ್ನು ನೋಡಿದ್ದೀರಲ್ಲ. ಯಾರೂ ಒಂದೇ ದಿನ ಎರಡೆಕರೆ ನುಂಗುವುದಿಲ್ಲ. ಪ್ರತಿ ಮುಂಗಾರಿಗೆ ಒಂದು ಸಾಲು ಆಚೆ ನೇಗಿಲು ಹೋಗುತ್ತದೆ. ಅಷ್ಟಕ್ಕೆ ಯಾಕೆ ಜಗಳ ಎಂದು ಪಕ್ಕದವನು ಸುಮ್ನೆ ಇರುತ್ತಾನೆ. ಹತ್ತು ವರ್ಷಕ್ಕೆ ಸರ್ವೆ ಮಾಡಿಸಿದಾಗ ಲೆಕ್ಕ ಸಿಗುತ್ತದೆ. ಹಕ್ಕುಗಳೂ ಬಹುತೇಕ ಹೀಗೇ ಸವೆಯುತ್ತವೆ. 19ನೇ ವಿಧಿಯನ್ನು ಯಾರೂ ಅಳಿಸಿಲ್ಲ, ಅದರ ಅಕ್ಷರಗಳೆಲ್ಲ ಅಲ್ಲೇ ಇವೆ.

ಸವೆತಕ್ಕೆ ಒಂದು ದಾರಿ ಅಭ್ಯಾಸ. ಹಿಂದಿನ ವರ್ಷದ ನಿಷೇಧಾಜ್ಞೆಯ ಫೈಲ್ ತೆಗೆದು ತಾರೀಖು ಬದಲಿಸಿದರೆ ಕೆಲಸ ಮುಗಿಯಿತು. ಈ ವರ್ಷವೂ ಆ ಕಾರಣ ಇದೆಯೇ ಎಂದು ನೋಡುವವರಿಲ್ಲ. ಇನ್ನೊಂದು ಬಾಯಿಮಾತು. ‘ಈಗ ಬ್ಯಾಡ್ರೀ, ಮುಂದಿನ ವಾರ ನೋಡೋಣು’ ಎಂದು ಸ್ಟೇಷನ್ನಿನಲ್ಲಿ ಹೇಳಿ ಕಳಿಸಿದರೆ ಕಾಗದವೇ ಹುಟ್ಟುವುದಿಲ್ಲ. ಕಾಗದ ಇಲ್ಲದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸುವುದು ಏನನ್ನು?

ಮೂರನೆಯದು ಇಂಟರ್ನೆಟ್ ಕಡಿತ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಹೀಗಾಗಿತ್ತು. ಈಗ ಫೋನ್‌ಪೇ ಇಲ್ಲದೆ ತರಕಾರಿ ಗಾಡಿಯೂ ನಡೆಯುವುದಿಲ್ಲ. ನೆಟ್ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ 19ನೇ ವಿಧಿಯ ರಕ್ಷಣೆ ಇದೆ ಎಂದು ಭಾಸಿನ್ ತೀರ್ಪು ಹೇಳಿದೆ. ಕಡಿತದ ಆದೇಶ ಗೃಹ ಕಾರ್ಯದರ್ಶಿ ಮಟ್ಟದಿಂದ ಬರಬೇಕು, ಪರಿಶೀಲನಾ ಸಮಿತಿ ಅದನ್ನು ಐದು ದಿನದೊಳಗೆ ನೋಡಬೇಕು ಎಂಬ ನಿಯಮ ಇದೆ.

ನಾಲ್ಕನೆಯದು ಎಲ್ಲಕ್ಕಿಂತ ಭಾರ. ಕೇಸು ನಿಲ್ಲದಿದ್ದರೂ ಕೇಸಿನ ಓಡಾಟವೇ ಶಿಕ್ಷೆಯಾಗುವುದು. 2020ರ ಜನವರಿಯಲ್ಲಿ ಬೀದರ್‌ನ ಒಂದು ಶಾಲೆಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದರ ವಿಡಿಯೊ ಹರಿದಾಡಿತು, ದೇಶದ್ರೋಹದ ದೂರು ದಾಖಲಾಯಿತು. ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಿದರು. ಜಾಮೀನು ಸಿಗಲು ಎರಡು ವಾರ ಹಿಡಿಯಿತು. ಪೊಲೀಸರು ಶಾಲೆಗೆ ಬಂದು ಮಕ್ಕಳನ್ನೇ ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಶಸ್ತ್ರ ಇಟ್ಟುಕೊಂಡು ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೆ ಮಕ್ಕಳ ಹಕ್ಕಿನ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟು ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಕೇಸನ್ನೇ ರದ್ದು ಮಾಡಿತು. ನಾಟಕದಲ್ಲಿ ಪ್ರಧಾನಿಯ ಬಗ್ಗೆ ಬಳಸಿದ ಮಾತು ಬೇಜವಾಬ್ದಾರಿಯದು ಎಂದು ಪೀಠ ಒಪ್ಪಿಕೊಂಡಿತು. ಆದರೆ ಹಿಂಸೆಗೆ ಎಬ್ಬಿಸುವ ಉದ್ದೇಶ ಅದರಲ್ಲಿಲ್ಲ, ಹಾಗಾಗಿ ದೇಶದ್ರೋಹ ಆಗುವುದಿಲ್ಲ ಎಂದಿತು. ಒರಟು ಮಾತಿಗೂ ಅಪರಾಧಕ್ಕೂ ನಡುವಿನ ಗೆರೆ ಹೀಗಿರುತ್ತದೆ. ಆ ಗೆರೆ ಕೋರ್ಟಿನಲ್ಲಿ ಸ್ಪಷ್ಟವಾಗುವ ಹೊತ್ತಿಗೆ ಮೂರು ವರ್ಷ ದಾಟಿತ್ತು. ಅಷ್ಟರಲ್ಲಿ ಜಿಲ್ಲೆಯ ಬೇರೆ ಶಾಲೆಗಳು ವಾರ್ಷಿಕೋತ್ಸವಕ್ಕೆ ಯಾವ ನಾಟಕ ಆಡಿಸಬೇಕೆಂದು ಎಷ್ಟು ಸಲ ಯೋಚಿಸಿರಬಹುದು, ನೀವೇ ಊಹಿಸಿ.

ಸವೆಸುವುದು ಸರ್ಕಾರ ಮಾತ್ರ ಎಂದುಕೊಳ್ಳಬೇಡಿ. 2024ರಲ್ಲಿ ಯಾದಗಿರಿ ಜಿಲ್ಲೆ ಹುಣಸಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತ ಕುಟುಂಬಗಳಿಗೆ ಬಹಿಷ್ಕಾರ ಹಾಕಿದ ಸುದ್ದಿ ಬಂತು. ಅಂಗಡಿಯಲ್ಲಿ ಸಾಮಾನು ಕೊಡದಂತೆ ಊರಿನವರೇ ತಡೆದಿದ್ದರು. ಅಂಗಡಿ, ಹೋಟೆಲ್, ಬಾವಿಯಿಂದ ಜಾತಿಯ ಕಾರಣಕ್ಕೆ ಯಾರನ್ನೂ ದೂರ ಇಡಬಾರದು ಎಂದು 15 ಮತ್ತು 17ನೇ ವಿಧಿಗಳು ಹೇಳುತ್ತವೆ. ಇದಕ್ಕೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ. ಇಲ್ಲಿ ಸರ್ಕಾರ ಸುಮ್ಮನಿದ್ದರೆ ಹಕ್ಕು ಉಳಿಯುವುದಿಲ್ಲ, ಅದು ಮುಂದೆ ಬಂದು ರಕ್ಷಿಸಬೇಕು.

## ನಿಜಾಮರ ಗಸ್ತಿ, ತುರ್ತು ಪರಿಸ್ಥಿತಿ

ಸಭೆಗೆ ಅನುಮತಿ ಎಂಬುದು ನಮ್ಮ ಭಾಗಕ್ಕೆ ಹೊಸದಲ್ಲ. ಕಲಬುರಗಿ, ಬೀದರ್, ಯಾದಗಿರಿ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ 1929ರಲ್ಲಿ 53ನೇ ಗಸ್ತಿ ಎಂಬ ಸುತ್ತೋಲೆ ಬಂತು. ಮುಂಚಿತ ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ಮಾಡುವಂತಿರಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಹೊತ್ತಿಗೇ ನಿಷೇಧವಾಯಿತು. ಆಗ ಕಾರಣ ಕೇಳಲು ಸಂವಿಧಾನವೂ ಇರಲಿಲ್ಲ, ಹಕ್ಕು ಕೇಳಿ ಕೋರ್ಟಿಗೆ ಹಾಕುವ ರಿಟ್ ಅರ್ಜಿಯೂ ಇರಲಿಲ್ಲ.

ಸಂವಿಧಾನ ಬಂದಮೇಲೂ ದೊಡ್ಡ ಪೆಟ್ಟು ಬಿದ್ದದ್ದುಂಟು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ಹೋದವರು ಕೋರ್ಟಿಗೆ ಹೋಗುವಂತೆಯೂ ಇಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡಬಾರದು ಎಂದು 44ನೇ ತಿದ್ದುಪಡಿ ಗೆರೆ ಎಳೆಯಿತು. ಆ ಹಳೆಯ ತೀರ್ಪನ್ನು ಪುಟ್ಟಸ್ವಾಮಿ ಪ್ರಕರಣದಲ್ಲಿ ತಳ್ಳಿಹಾಕಿದರು. ಅಷ್ಟಾಗಲು 41 ವರ್ಷ ಬೇಕಾಯಿತು.

## ಆಚೆ ಬದಿಯ ಮಾತೂ ಇದೆ

ಹೆದ್ದಾರಿಯಲ್ಲಿ ರಸ್ತೆ ತಡೆ ನಡೆದಾಗ ಡಯಾಲಿಸಿಸ್‌ಗೆ ಹೊರಟ ರೋಗಿ ಬಸ್ಸಿನಲ್ಲೇ ಕೂರುತ್ತಾನೆ. ಬಂದ್ ದಿನ ಕೂಲಿಯವನ ಮನೆಯಲ್ಲಿ ಒಲೆಗೆ ಬಿಡುವು. ಅವರದ್ದೂ ಹಕ್ಕೇ. 2020ರ ಅಕ್ಟೋಬರ್‌ನಲ್ಲಿ ದೆಹಲಿಯ ಶಾಹೀನ್ ಬಾಗ್ ರಸ್ತೆ ಧರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಬದಿಗೆ ತೂಕ ಕೊಟ್ಟಿತು. ಪ್ರತಿಭಟನೆ ಹಕ್ಕು ಹೌದು, ಆದರೆ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿ ಕೂರುವಂತಿಲ್ಲ ಎಂದಿತು. ಪೊಲೀಸರ ಕಷ್ಟವೂ ಇದೆ. ಅನುಮತಿ ಕೊಟ್ಟು ಕಲ್ಲು ಬಿದ್ದರೆ ಬಂದೋಬಸ್ತ್ ಸಾಲಲಿಲ್ಲ ಎಂದು ಬೈಗುಳ ತಿನ್ನುವವರು ಅವರೇ.

ಇದಕ್ಕೆ ಪ್ರತಿಯಾಗಿ ಒಂದು ಗಟ್ಟಿ ವಾದವಿದೆ. ಎದುರಿನ ಗುಂಪು ಗಲಾಟೆ ಮಾಡುತ್ತೇವೆ ಎಂದ ಮಾತ್ರಕ್ಕೆ ಶಾಂತವಾಗಿ ನಡೆಯುವವರನ್ನು ತಡೆದರೆ, ಗಲಾಟೆ ಮಾಡುವವರ ಕೈಗೇ ಬೀಗದ ಕೈ ಕೊಟ್ಟಂತೆ. ನಾಳೆ ಯಾರ ಸಭೆ ಬೇಕಾದರೂ ನಿಲ್ಲಿಸಲು ಒಂದು ಎದುರು ಅರ್ಜಿ ಸಾಕಾಗುತ್ತದೆ.

## ನಿಮಗೇ ಅನುಮತಿ ಬೇಕಾದಾಗ

ಅರ್ಜಿಯಲ್ಲಿ ದಿನ, ಹೊತ್ತು, ದಾರಿ, ಅಂದಾಜು ಜನ, ಜವಾಬ್ದಾರರ ಹೆಸರು ಬರೆಯಿರಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಚ್ಚುವಂತಿಲ್ಲ. ಆಗುವುದಿಲ್ಲ ಎಂದರೆ ಹಿಂಬರಹ, ಅಂದರೆ ಬರವಣಿಗೆಯ ಉತ್ತರ ಕೇಳಿ. ಬಾಯಲ್ಲಿ ಹೇಳಿದ್ದಕ್ಕೆ ತಲೆಯಾಡಿಸಿ ಬರಬೇಡಿ. ಹಿಂಬರಹದಲ್ಲಿ ಕಾರಣ ಏನು ಬರೆದಿದ್ದಾರೆ ನೋಡಿ. ಬೇರೆ ದಾರಿ, ಬೇರೆ ದಿನ ಸೂಚಿಸಿದ್ದರೆ ಅದನ್ನೂ ಯೋಚಿಸಿ.

163ನೇ ಕಲಮಿನ ಆದೇಶವೇ ಅಡ್ಡ ಬಂದಿದ್ದರೆ, ಅದನ್ನು ಹಿಂತೆಗೆಯಿರಿ ಅಥವಾ ಬದಲಿಸಿ ಎಂದು ಅದೇ ದಂಡಾಧಿಕಾರಿಗೆ ಅರ್ಜಿ ಕೊಡಲು ಅದೇ ಕಲಮಿನಲ್ಲಿ ಅವಕಾಶವಿದೆ. ಅವರು ನಿಮ್ಮ ಮಾತು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಅದೂ ಆಗದಿದ್ದರೆ 226ನೇ ವಿಧಿಯಡಿ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಉಚಿತವಾಗಿ ಕೊಡಲು 1987ರ ಕಾಯ್ದೆಯಲ್ಲೇ ಅವಕಾಶವಿದೆ.